‘ಗೆಟ್’ಗೆ ಒಳಿತು ಕೆಡುಕಿನ ಲೆಕ್ಕವಿಲ್ಲ

ವಿಯೆಟ್ನಾಮಿನ ಮಕ್ಕಳಿಗೆ ‘ಗೆಟ್’ ಎಂಬ ಸದ್ದು ಹೊಸದಲ್ಲ. ಹೆಚ್ಚುಕಡಿಮೆ ಹೀಗೇ ಕೇಳಿಸುವ ಒಂದು ಮಾತು ಅವರ ಭಾಷೆಯಲ್ಲೇ ಇದೆ. ಅದರ ಅರ್ಥ ಮಾತ್ರ ‘ದ್ವೇಷಿಸು’, ‘ಕಂಡರಾಗದು’. ಆ ಭಾಷೆಯಲ್ಲಿ ಒಂದೊಂದು ಉಚ್ಚಾರಾಂಶವನ್ನೂ ದನಿಯ ಏರಿಳಿತದೊಂದಿಗೆ ಹೇಳಬೇಕು. ಉತ್ತರದವರ ಮಾತಿನಲ್ಲಿ ಅಂಥ ಏರಿಳಿತಗಳು ಆರು. ಆದರೆ ತಕಾರದಂತೆ ಉಸಿರು ತಡೆಯುವ ವ್ಯಂಜನದಲ್ಲಿ ಮುಗಿಯುವ ಪದಗಳಿಗೆ ಅವುಗಳಲ್ಲಿ ಎರಡೇ ದಕ್ಕುತ್ತವೆ. ಹೊರಗಿನಿಂದ ಬಂದ ಪದವಾದರೆ ಸಾಮಾನ್ಯವಾಗಿ ಏರುದನಿಯೇ ಗತಿ. ದನಿ ಏರಿಸಿ ‘ಗೆಟ್’ ಎಂದರೆ ಪಕ್ಕದ ಬೆಂಚಿನವನ ಕಿವಿಗೆ ಬೀಳುವುದು ದ್ವೇಷ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಿಯಾಪದಗಳಲ್ಲಿ ಒಂದು ಅಲ್ಲಿನ ತರಗತಿಗೆ ಕಾಲಿಡುವುದು ಈ ವೇಷದಲ್ಲಿ.

ಲಿಪಿಯ ಕಷ್ಟ ಅವರಿಗಿಲ್ಲ. 1651ರಲ್ಲಿ ರೋಮ್‌ನಲ್ಲಿ ಅಚ್ಚಾದ ಅಲೆಕ್ಸಾಂದ್ರ್ ದ ರೋಡ್ ಪಾದ್ರಿಯ ನಿಘಂಟು ಗಟ್ಟಿಗೊಳಿಸಿದ ರೋಮನ್ ಬರವಣಿಗೆಯೇ ಇಂದು ಆ ದೇಶದ ಲಿಪಿ. ಹಾಗಾಗಿ ಎಬಿಸಿಡಿ ಕಲಿಯಲು ನಮ್ಮ ಮಕ್ಕಳು ಪಡುವ ಪಾಡನ್ನು ಅವರು ಪಡುವುದಿಲ್ಲ. ತೊಡಕೆಲ್ಲ ಆಮೇಲಿನದು. ಕ್ರಿಯಾಪದ ಅಲ್ಲಿ ಕಾಲಕ್ಕೆ, ಲಿಂಗಕ್ಕೆ, ವಚನಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ಹೋಗು’ ಎಂಬುದು ನಿನ್ನೆಗೂ ‘ಹೋಗು’, ನಾಳೆಗೂ ‘ಹೋಗು’. ಮುಂದೆ ಒಂದು ಪುಟ್ಟ ಪದ ಇಟ್ಟರೆ ಕಾಲ ತಿಳಿಯುತ್ತದೆ, ಸಂದರ್ಭ ಹೇಳುತ್ತಿದ್ದರೆ ಅದೂ ಬೇಡ. ಅಂಥವರ ಕೈಗೆ ಗೆಟ್, ಗೆಟ್ಸ್, ಗಾಟ್, ಗೆಟಿಂಗ್, ಅಮೆರಿಕದವರಾದರೆ ಗಾಟನ್ ಎಂದೆಲ್ಲ ಒಂದೇ ಪದದ ಹಲವು ಮುಖಗಳನ್ನು ಕೊಟ್ಟರೆ ಹೇಗಿರಬೇಡ!

ಇಂಗ್ಲಿಷ್ ಅಲ್ಲಿಗೆ ಬಂದದ್ದು ನಮ್ಮಲ್ಲಿಗೆ ಬಂದ ದಾರಿಯಲ್ಲಲ್ಲ. ಆಳಿದವರು ಫ್ರೆಂಚರು. 1975ರಲ್ಲಿ ಯುದ್ಧ ಮುಗಿದ ಮೇಲೆ ಶಾಲೆಗಳಲ್ಲಿ ರಷ್ಯನ್ ಭಾಷೆಗೆ ಮೇಲುಗೈ. 1986ರ ಆರ್ಥಿಕ ಸುಧಾರಣೆಯ ಬಳಿಕ ಬಾಗಿಲು ತೆರೆದಾಗ ಇಂಗ್ಲಿಷ್ ನುಗ್ಗಿತು. 2022-23ರ ಶೈಕ್ಷಣಿಕ ವರ್ಷದಿಂದ ಮೂರನೇ ತರಗತಿಯಿಂದಲೇ ಅದು ಕಡ್ಡಾಯ. ಶಾಲೆಗಳಲ್ಲಿ ಇಂಗ್ಲಿಷನ್ನು ಹಂತಹಂತವಾಗಿ ಎರಡನೇ ಭಾಷೆಯನ್ನಾಗಿ ಮಾಡುವ ಗುರಿಯನ್ನು ಆಳುವ ಪಕ್ಷ 2024ರಲ್ಲಿ ಘೋಷಿಸಿತು. ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಇಂಗ್ಲಿಷ್ ಕಿವಿಗೆ ಬೀಳದ ಊರುಗಳಲ್ಲಿ ಮಕ್ಕಳು ಅದನ್ನು ಕಲಿಯುವುದು ನೋಟ್‌ಬುಕ್ಕಿನಿಂದ. ಆ ನೋಟ್‌ಬುಕ್ಕಿನಲ್ಲಿ ‘ಗೆಟ್’ನ ಎದುರು ಒಂದು ಪಟ್ಟಿ ಇರುತ್ತದೆ: ಪಡೆ, ತೆಗೆದುಕೊ, ಕೊಳ್ಳು, ತಲುಪು, ಆಗು, ಅರ್ಥಮಾಡಿಕೊ, ಏಳು, ಮಾಡಿಸು. ಒಂದೊಂದಕ್ಕೂ ವಿಯೆಟ್ನಾಮಿಯಲ್ಲಿ ಬೇರೆಬೇರೆ ಪದ.

ಪಟ್ಟಿ ತಪ್ಪಲ್ಲ, ಆದರೆ ಉಪಯೋಗ ಕಡಿಮೆ. ಪಟ್ಟಿ ಕಂಠಪಾಠ ಮಾಡಿದವನಿಗೆ ಓದುವಾಗ ‘ಗೆಟ್’ ಅರ್ಥವಾದೀತು, ಮಾತಾಡುವಾಗ ಬಾಯಿಗೆ ಬರುವುದಿಲ್ಲ. ಬರಬೇಕಾದರೆ ಈ ಎಂಟು ಹತ್ತು ಅರ್ಥಗಳ ಕೆಳಗೆ ಓಡುತ್ತಿರುವ ಒಂದೇ ಸಂಗತಿ ಕಾಣಬೇಕು. ಮೊದಲು ಇದ್ದ ಸ್ಥಿತಿ ಒಂದು, ಆಮೇಲಿನದು ಇನ್ನೊಂದು. ಒಂದರಿಂದ ಇನ್ನೊಂದಕ್ಕೆ ದಾಟಿದ್ದನ್ನು ಹೇಳುವುದಷ್ಟೇ ‘ಗೆಟ್’ನ ಕೆಲಸ. ಪತ್ರ ಇರಲಿಲ್ಲ, ಬಂತು: ಗಾಟ್ ಎ ಲೆಟರ್. ದಾರಿಯಲ್ಲಿದ್ದೆ, ಮನೆಯಲ್ಲಿದ್ದೇನೆ: ಗಾಟ್ ಹೋಮ್. ಒಣಗಿದ್ದೆ, ನೆನೆದೆ: ಗಾಟ್ ವೆಟ್. ತಿಳಿದಿರಲಿಲ್ಲ, ತಿಳಿಯಿತು: ಗಾಟ್ ಇಟ್. ಸಿ.ಕೆ. ಆಗ್ಡೆನ್ 1930ರಲ್ಲಿ ಇಂಗ್ಲಿಷನ್ನು 850 ಪದಗಳಿಗೆ ಇಳಿಸಿ ‘ಬೇಸಿಕ್ ಇಂಗ್ಲಿಷ್’ ಕಟ್ಟಿದಾಗ ಕ್ರಿಯಾಪದಗಳಿಗೆ ಬಿಟ್ಟುಕೊಟ್ಟ ಜಾಗ ಹದಿನೆಂಟಕ್ಕೆ ಮಾತ್ರ. ಅದರಲ್ಲೂ ‘ಗೆಟ್’ ಉಳಿದುಕೊಂಡಿತು. ಬಿಟ್ಟಿದ್ದರೆ ನೂರಾರು ವಾಕ್ಯಗಳು ನಡೆಯುತ್ತಲೇ ಇರಲಿಲ್ಲ.

ವಿಯೆಟ್ನಾಮಿಯಲ್ಲಿ ಇದಕ್ಕೆ ಸರಿಸಾಟಿ ಇಲ್ಲವೇ? ಇದೆ, ಆದರೆ ಅದು ಒಂದಲ್ಲ, ಎರಡು. ನನ್ನ ಮಟ್ಟಿಗೆ ಇಡೀ ಪಾಠದ ಗಂಟು ಇರುವುದು ಇಲ್ಲೇ.

ಒಂದು ‘ಡುಅಕ್’, ಇನ್ನೊಂದು ‘ಬಿ’. ಎರಡನ್ನೂ ತಗ್ಗಿದ, ಬಿಗಿಹಿಡಿದ ದನಿಯಲ್ಲಿ ಹೇಳಬೇಕು. ಕನ್ನಡ ಲಿಪಿಗೆ ಅದು ಪೂರ್ತಿ ಸಿಕ್ಕುವುದಿಲ್ಲ. ಮನುಷ್ಯನಿಗೆ ಏನಾದರೂ ಆದಾಗ ಅದು ಒಳ್ಳೆಯದಾದರೆ ‘ಡುಅಕ್’, ಕೆಟ್ಟದ್ದಾದರೆ ‘ಬಿ’. ಮೇಷ್ಟರು ಹೊಗಳಿದರೆ ‘ಡುಅಕ್’. ಬೈದರೆ ‘ಬಿ’. ಸಂಬಳ ಏರಿತೆ, ‘ಡುಅಕ್’. ಪೊಲೀಸರು ದಂಡ ಹಾಕಿದರೆ, ಜ್ವರ ಬಂದರೆ, ದಾರಿ ತಪ್ಪಿದರೆ, ಮಳೆಯಲ್ಲಿ ಸಿಕ್ಕಿಹಾಕಿಕೊಂಡರೆ ಎಲ್ಲಕ್ಕೂ ‘ಬಿ’. ಬೆಳೆ ಚೆನ್ನಾಗಿ ಬಂದ ವರ್ಷವನ್ನು ರೈತರು ‘ಡುಅಕ್ ಮುವಾ’ ಎನ್ನುತ್ತಾರೆ; ಹಂಗಾಮು ದಕ್ಕಿತು ಎಂದು ಅರ್ಥ. ಬಾಯಿ ತೆರೆಯುವ ಮೊದಲೇ ಆದದ್ದು ಲಾಭವೋ ನಷ್ಟವೋ ಎಂದು ತೀರ್ಮಾನವಾಗಿರಬೇಕು. ಹುಡುಗರು ಈ ನಿಯಮವನ್ನು ತಮಾಷೆಗೆ ತಿರುಗಿಸುವುದೂ ಉಂಟು. ‘ಬಿ’ ಸೇರಿಸಿ ‘ನನಗೆ ಚೆಂದ ಅಂಟಿಕೊಂಡುಬಿಟ್ಟಿದೆ’ ಎಂಬಂತೆ, ರೂಪವನ್ನೇ ಒಂದು ಕಾಯಿಲೆ ಮಾಡಿ ಜಂಭ ಕೊಚ್ಚುತ್ತಾರೆ.

ಇಂಗ್ಲಿಷಿನ ‘ಗೆಟ್’ಗೆ ಈ ವಿವೇಚನೆಯೇ ಇಲ್ಲ. ಗಾಟ್ ಎ ಪ್ರೈಜ್, ಗಾಟ್ ಎ ಫೀವರ್, ಗಾಟ್ ಪ್ರೊಮೋಟೆಡ್, ಗಾಟ್ ಫೈರ್ಡ್. ಬಹುಮಾನವೂ ಜ್ವರವೂ ಒಂದೇ ಸಾಲಿನಲ್ಲಿ. ಒಳಿತು ಕೆಡುಕನ್ನು ವಾಕ್ಯದ ಬಾಗಿಲಲ್ಲೇ ಬೇರ್ಪಡಿಸಿ ಅಭ್ಯಾಸವಾದ ವಿದ್ಯಾರ್ಥಿಗೆ ಇದು ಒಗ್ಗುವುದು ನಿಧಾನ. ‘ಗೆಟ್’ ಎಂದರೆ ಪಡೆ ಎಂದು ಮೊದಲ ದಿನ ಬರೆದುಕೊಂಡವನು ಜ್ವರವನ್ನು ಯಾರಾದರೂ ‘ಪಡೆಯುತ್ತಾರೆಯೇ’ ಎಂದು ತಡೆಯುತ್ತಾನೆ, ತಡೆದು ‘ಹ್ಯಾವ್’ಗೋ ‘ಬಿಕಮ್’ಗೋ ಹೊರಳುತ್ತಾನೆ.

ನಾವು ಇದನ್ನು ಹೇಗೆ ಹೇಳುತ್ತೇವೆ ನೋಡಿ. ನನಗೆ ಕೆಲಸ ಸಿಕ್ಕಿತು, ನನಗೆ ಜ್ವರ ಬಂತು, ನನಗೆ ಅರ್ಥವಾಯಿತು. ಕನ್ನಡದಲ್ಲಿ ಮನುಷ್ಯ ಸುಮ್ಮನೆ ‘ನನಗೆ’ ಎಂದು ಕುಳಿತಿರುತ್ತಾನೆ, ಕೆಲಸವೂ ಜ್ವರವೂ ಅರ್ಥವೂ ಅವನಿದ್ದಲ್ಲಿಗೆ ಬರುತ್ತವೆ. ಇಂಗ್ಲಿಷಿನಲ್ಲೂ ವಿಯೆಟ್ನಾಮಿಯಲ್ಲೂ ಅವನೇ ಕರ್ತೃ. ಈ ಒಂದು ವಿಷಯದಲ್ಲಿ ‘ಗೆಟ್’ನ ಹತ್ತಿರ ಹೋಗಲು ವಿಯೆಟ್ನಾಮಿನವರಿಗೆ ನಮಗಿಂತ ದಾರಿ ಕಡಿಮೆ. ನಮ್ಮ ‘ಸಿಕ್ಕು’ ಮಾತ್ರ ‘ಗೆಟ್’ನಷ್ಟೇ ನಿರ್ಲಿಪ್ತ. ಚಿನ್ನವೂ ಸಿಕ್ಕುತ್ತದೆ, ಕಳ್ಳನೂ ಸಿಕ್ಕಿಬೀಳುತ್ತಾನೆ, ನಾವೂ ಮಳೆಗೆ ಸಿಕ್ಕುತ್ತೇವೆ.

‘ಡುಅಕ್’ ಇನ್ನೂ ಒಂದು ಚಮತ್ಕಾರ ಮಾಡುತ್ತದೆ. ‘ಹೋಗು’ ಎಂಬುದಕ್ಕೆ ಅಲ್ಲಿ ‘ಡಿ’. ‘ಡುಅಕ್ ಡಿ’ ಎಂದರೆ ಹೋಗುವ ಅವಕಾಶ ಸಿಕ್ಕಿತು, ಬಿಟ್ಟರು, ಅದೃಷ್ಟ ಇತ್ತು. ತಿರುಗಿಸಿ ‘ಡಿ ಡುಅಕ್’ ಎಂದರೆ ಹೋಗಲು ಆಗುತ್ತದೆ, ಕಾಲಿನಲ್ಲಿ ಶಕ್ತಿ ಇದೆ. ಒಂಟಿಯಾಗಿ ‘ಡುಅಕ್’ ಎಂದರೆ ಆಯ್ತು, ಸರಿ. ‘ಡುಅಕ್ ಖೋಂಗ್?’ ಎಂದರೆ ಆಗುತ್ತಾ? ‘ಖೋಂಗ್ ಡುಅಕ್’ ಎಂದರೆ ಆಗೋದಿಲ್ಲ. ಹುಡುಕು ಎಂಬ ಕ್ರಿಯಾಪದದ ಹಿಂದೆ ಇದನ್ನು ಹಚ್ಚಿದರೆ ಹುಡುಕಿದ್ದು ಸಿಕ್ಕಿತು ಎಂದಾಗುತ್ತದೆ. ಹನೋಯ್‌ಗೆ ಪ್ರವಾಸ ಹೋಗುವ ಕನ್ನಡಿಗರು ಈ ಒಂದು ಪದ ಕಲಿತು ಹೋದರೆ ಅರ್ಧ ದಿನದ ವ್ಯವಹಾರ ನಡೆಸಬಹುದು, ಏಕೆಂದರೆ ನಮ್ಮ ‘ಆಗು’ ಅಲ್ಲಿ ಬಹುಪಾಲು ಅದರ ಜೊತೆಯಲ್ಲೇ ನಡೆಯುತ್ತದೆ.

ಇದು ವಿಯೆಟ್ನಾಮಿಯೊಂದರ ವೈಶಿಷ್ಟ್ಯವೂ ಅಲ್ಲ. ಥಾಯ್ ಮತ್ತು ಲಾವೊ ಭಾಷೆಗಳ ‘ದಾಯ್’, ಕಾಂಬೋಡಿಯದ ಖ್ಮೇರ್ ಭಾಷೆಯ ‘ಬಾನ್’ ಕೂಡ ಹೀಗೆಯೇ. ದಕ್ಕು ಎಂಬ ಕ್ರಿಯಾಪದ ಇನ್ನೊಂದು ಕ್ರಿಯಾಪದದ ಹಿಂದೆ ಬಂದರೆ ‘ಸಾಧ್ಯ’, ಮುಂದೆ ಬಂದರೆ ‘ಅವಕಾಶ’. ಎಲ್ಲವೂ ಒಂದೇ ಕುಟುಂಬದವಲ್ಲದ ಈ ಭಾಷೆಗಳು ನೆರೆಹೊರೆಯಲ್ಲಿದ್ದು ಒಂದೇ ಚಾಳಿ ಹತ್ತಿಸಿಕೊಂಡದ್ದು ಹೇಗೆಂದು ಎನ್.ಜೆ. ಎನ್‌ಫೀಲ್ಡ್ ಎಂಬ ಭಾಷಾವಿಜ್ಞಾನಿ 2003ರಲ್ಲಿ ಒಂದು ಪುಸ್ತಕವನ್ನೇ ಬರೆದರು. ‘ಡುಅಕ್’ ಮೂಲದಲ್ಲಿ ಚೀನಿಯರದ್ದೆಂದು ವಿದ್ವಾಂಸರು ಹೇಳುತ್ತಾರೆ. ‘ಬಿ’ಯಂತೂ ಚೀನಿ ಪದವೇ. ಇಂಗ್ಲಿಷರ ‘ಗೆಟ್’ ಸಹ ಮನೆಯ ಪದವಲ್ಲ, ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವರ ಬಾಯಿಂದ ಬಂದದ್ದು. ಅದರ ಹಳೆಯ ದಾಯಾದಿ ‘ಫರ್ಗೆಟ್’ನ ಬಾಲದಲ್ಲಿ ಮೊದಲಿನಿಂದಲೂ ಇತ್ತು.

ಈ ‘ಡುಅಕ್ ಡಿ’ಯೇ ಪಾಠಕ್ಕೆ ಒಳ್ಳೆಯ ಹಿಡಿಕೆ ಎಂದು ನನ್ನ ಎಣಿಕೆ. ಇಂಗ್ಲಿಷಿನಲ್ಲಿ ‘ಐ ಗೆಟ್ ಟು ಗೋ’ ಎಂಬ ಬಳಕೆ ಇದೆ. ‘ಐ ಹ್ಯಾವ್ ಟು ಗೋ’ ಎಂದರೆ ಹೋಗಲೇಬೇಕು, ವಿಧಿಯಿಲ್ಲ. ‘ಐ ಗೆಟ್ ಟು ಗೋ’ ಎಂದರೆ ಹೋಗುವ ಭಾಗ್ಯ ನನ್ನದು. ಬೇರೆ ದೇಶಗಳ ಕಲಿಯುವವರು ಇದನ್ನು ವರ್ಷಗಟ್ಟಲೆ ಗಮನಿಸುವುದೇ ಇಲ್ಲ, ನಮ್ಮವರೂ ಅಷ್ಟಕ್ಕಷ್ಟೆ. ವಿಯೆಟ್ನಾಮಿನ ವಿದ್ಯಾರ್ಥಿಗೆ ಮಾತ್ರ ‘ಡುಅಕ್ ಡಿ ದಾಲಾತ್’, ದಾಲಾತ್ ಗಿರಿಧಾಮಕ್ಕೆ ಹೋಗುವ ಯೋಗ ಬಂತು, ಎಂಬ ತನ್ನ ಮಾತನ್ನೇ ಪದಕ್ಕೆ ಪದ ಇಟ್ಟರೂ ಇಂಗ್ಲಿಷ್ ಬಹುತೇಕ ಸರಿಹೋಗುತ್ತದೆ. ಪಠ್ಯಪುಸ್ತಕಗಳು ‘ಪಡೆ’ಯಿಂದ ಶುರುಮಾಡಿ ಇದನ್ನು ಕೊನೆಗೆ ತಳ್ಳುವುದು ಏಕೋ ತಿಳಿಯದು.

‘ಬಿ’ಯ ಕಡೆ ಬಂದರೆ ಒಂದು ಹೆಸರಾಂತ ತಪ್ಪಿದೆ. ಫೋನ್ ಕಳುವಾದಾಗ ವಿಯೆಟ್ನಾಮಿಯಲ್ಲಿ ವಾಕ್ಯ ‘ನಾನು’ ಎಂದೇ ಆರಂಭವಾಗುತ್ತದೆ. ನಷ್ಟ ಆದದ್ದು ನನಗೆ, ಫೋನಿಗಲ್ಲವಲ್ಲ! ‘ಬಿ’ ಎಂದರೆ ಕರ್ಮಣಿ ಪ್ರಯೋಗ, ಅಂದರೆ ‘ವಾಸ್’ ಎಂದು ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಆಗ ಹೊರಡುವ ವಾಕ್ಯ: ‘ಐ ವಾಸ್ ಸ್ಟೋಲನ್ ಮೈ ಫೋನ್’. ಕೇಳಿದ ಇಂಗ್ಲಿಷಿನವನಿಗೆ ಕದ್ದುಹೋದದ್ದು ಫೋನೋ ಹುಡುಗನೋ ಎಂಬ ಗೊಂದಲ. ‘ವಾಸ್’ ಬದಲು ‘ಗಾಟ್’ ಇಟ್ಟು ಪದಗಳನ್ನು ಒಂದಿಷ್ಟು ಸರಿಸಿದರೆ ಸಾಕು, ‘ಐ ಗಾಟ್ ಮೈ ಫೋನ್ ಸ್ಟೋಲನ್’. ನಾನು ಎಂದೇ ಆರಂಭ, ನಷ್ಟವೂ ನನ್ನದೇ, ವ್ಯಾಕರಣಕ್ಕೂ ಭಂಗವಿಲ್ಲ.

‘ಗೆಟ್’ಗೆ ಒಳಿತು ಕೆಡುಕಿನ ವಿವೇಚನೆ ಇಲ್ಲ ಎಂದೆ. ಕರ್ಮಣಿಯಲ್ಲಿ ಮಾತ್ರ ಅದನ್ನು ಸ್ವಲ್ಪ ತಿದ್ದಿ ಹೇಳಬೇಕು. ‘ವಾಸ್ ಕಾಟ್’ಗೂ ‘ಗಾಟ್ ಕಾಟ್’ಗೂ ವ್ಯತ್ಯಾಸ ಇದೆ. ಎರಡನೆಯದರಲ್ಲಿ ಸಿಕ್ಕಿಬಿದ್ದವನಿಗೆ ಅದು ತಟ್ಟಿದೆ, ಬಹುಶಃ ಅವನ ತಪ್ಪೂ ಇದೆ. ಜನ ಹೀಗೆ ‘ಗಾಟ್’ ಬಳಸುವುದು ಏಟು, ನಷ್ಟ, ಅವಮಾನಗಳ ವಿಷಯದಲ್ಲೇ ಹೆಚ್ಚೆಂದು ಭಾಷಾತಜ್ಞರು ಗಮನಿಸಿದ್ದಾರೆ. ‘ಗಾಟ್ ಪ್ರೊಮೋಟೆಡ್’ ಅದರ ನಡುವೆ ಅಲ್ಲೊಂದು ಇಲ್ಲೊಂದು. ಮನುಷ್ಯನಿಗೆ ತಟ್ಟದ ಸಂಗತಿಯಾದರೆ ‘ಗಾಟ್’ ಅಷ್ಟಾಗಿ ಹೊಂದುವುದಿಲ್ಲ. ಸೇತುವೆಯನ್ನು ಇಂಥ ವರ್ಷ ಕಟ್ಟಲಾಯಿತು ಎಂಬಲ್ಲಿ ‘ವಾಸ್ ಬಿಲ್ಟ್’ ಎಂದೇ ಬರೆಯಬೇಕು. ಪತ್ರಿಕೆಯ ವಿಯೆಟ್ನಾಮಿ ಅಲ್ಲಿ ‘ಡುಅಕ್’ ಬಳಸುತ್ತದಾದ್ದರಿಂದ ವಿದ್ಯಾರ್ಥಿಗೆ ಎಚ್ಚರಿಕೆ ಬೇಕು. ಕನ್ನಡದಲ್ಲಿ ‘ಬೈಯಲ್ಪಟ್ಟನು’ ಎಂದು ಯಾರೂ ಮಾತಾಡುವುದಿಲ್ಲ, ‘ಬೈಸಿಕೊಂಡ’ ಎನ್ನುತ್ತೇವೆ. ಆ ‘ಇಸಿಕೊಂಡ’ದಲ್ಲಿ ಅವನೇ ತಂದುಕೊಂಡದ್ದು ಎಂಬ ಕೊಂಕು ಇದೆಯಲ್ಲ, ‘ಗಾಟ್ ಸ್ಕೋಲ್ಡೆಡ್’ನಲ್ಲಿರುವುದೂ ಅದೇ.

ಇನ್ನು ‘ಗೆಟ್’ ಆದ ಮೇಲೆ ಗುಣವಾಚಕ ಬಂದಾಗಿನ ಕಥೆ. ಗೆಟ್ ಫ್ಯಾಟ್, ಗೆಟ್ ಥಿನ್, ಗೆಟ್ ಓಲ್ಡ್. ನಿಘಂಟು ಇದಕ್ಕೆ ‘ಆಗು’ ಎಂಬರ್ಥದ ಒಂದು ಗಂಭೀರ ಪದ ಕೊಡುತ್ತದೆ, ಅದಕ್ಕೆ ಇಂಗ್ಲಿಷಿನಲ್ಲಿ ‘ಬಿಕಮ್’ ಎಂದು ಮಕ್ಕಳು ಕಲಿಯುತ್ತಾರೆ. ಅವರ ಆಡುಮಾತು ಇದಕ್ಕಿಂತ ಚೆಲುವು. ದಪ್ಪ ಆದವನು ‘ದಪ್ಪ-ಮೇಲೆ’, ಸಣ್ಣಗಾದವನು ‘ಸಣ್ಣ-ಹೋಗು’. ಚೆಂದವಾದವಳು ‘ಚೆಂದ-ಹೊರಗೆ’, ಮುಪ್ಪಾದವನು ‘ಮುಪ್ಪು-ಹೋಗು’, ಮುಪ್ಪಿನಲ್ಲೂ ಎಳೆಯನಂತೆ ಕಂಡರೆ ‘ಎಳೆ-ಹೊರಗೆ’. ವೇಗ ತಗ್ಗಿದರೆ ‘ನಿಧಾನ-ಹಿಂದೆ’. ಬೆಳೆಯುವುದು ಏರುತ್ತದೆ, ಅರಳುವುದು ಹೊರಗೆ ಬರುತ್ತದೆ, ಕುಂದುವುದು ಹೊರಟುಹೋಗುತ್ತದೆ. ನಾವೂ ‘ಸೊರಗಿ ಹೋದ’, ‘ಕೆಟ್ಟು ಹೋಯಿತು’ ಎನ್ನುತ್ತೇವೆ, ಆದರೆ ಇಷ್ಟು ಅಚ್ಚುಕಟ್ಟಾಗಿ ದಿಕ್ಕು ಹಂಚಿಲ್ಲ. ಈ ದಿಕ್ಕುಗಳನ್ನೆಲ್ಲ ಕಳಚಿಟ್ಟು ಎಲ್ಲದಕ್ಕೂ ಸಪ್ಪೆಯಾಗಿ ‘ಗೆಟ್’ ಎನ್ನಬೇಕಾದಾಗ ಏನೋ ಕಳೆದುಕೊಂಡಂತೆ ಅನಿಸಿದರೆ ಆಶ್ಚರ್ಯವಿಲ್ಲ. ಅನಿಸಲಿ. ಅದೇ ದಿಕ್ಕಿನ ಪದಗಳು ಗೆಟ್ ಅಪ್, ಗೆಟ್ ಔಟ್, ಗೆಟ್ ಓವರ್ ಕಲಿಯುವಾಗ ಕೈಹಿಡಿಯುತ್ತವೆ. ಕ್ರಿಯಾಪದದ ಬೆನ್ನಿಗೆ ಮೇಲೆ, ಕೆಳಗೆ, ಒಳಗೆ, ದಾಟಿ ಎಂದು ಹಚ್ಚುವ ರೂಢಿ ಅವರಿಗೆ ಹುಟ್ಟಿನಿಂದ ಬಂದದ್ದು.

ಕ್ಷೌರದ ವಿಷಯವನ್ನು ಬಿಡುವಂತಿಲ್ಲ. ಕತ್ತರಿಸು ಎಂಬುದಕ್ಕೆ ವಿಯೆಟ್ನಾಮಿಯಲ್ಲಿ ‘ಕತ್’. ಇಂಗ್ಲಿಷಿನ ‘ಕಟ್’ ಜೊತೆಗಿನ ಹೋಲಿಕೆ ಬರೀ ಕಾಕತಾಳೀಯ. ‘ಕೂದಲು ಕತ್ತರಿಸಲು ಹೋಗಿದ್ದೆ’ ಎಂದು ಅವರು ಹೇಳಿದರೆ ಕತ್ತರಿ ಹಿಡಿದವನು ಕ್ಷೌರಿಕ ಎಂದು ಎಲ್ಲರಿಗೂ ಗೊತ್ತು. ‘ಬೈಕ್ ರಿಪೇರಿ ಮಾಡಲು ಹೋಗಿದ್ದೆ’ ಎಂದರೂ ಅಷ್ಟೇ, ಪಾನಾ ಹಿಡಿದವನು ಮೆಕ್ಯಾನಿಕ್. ಇದನ್ನೇ ಇಂಗ್ಲಿಷಿಗೆ ಹಾಕಿ ‘ಐ ಕಟ್ ಮೈ ಹೇರ್ ಯೆಸ್ಟರ್‌ಡೇ’ ಎಂದಾಗ ಕೇಳಿದವರು ತಲೆಯನ್ನೊಮ್ಮೆ ನೋಡುತ್ತಾರೆ, ತಾನೇ ಕತ್ತರಿಸಿಕೊಂಡನೇ ಎಂದು. ‘ಗಾಟ್ ಮೈ ಹೇರ್ ಕಟ್’ ಎನ್ನಬೇಕು. ನಮಗೆ ಈ ಕಷ್ಟವಿಲ್ಲ: ಮಾಡು, ಮಾಡಿಸು, ಮಾಡಿಸಿಕೊ ಎಂದು ಕನ್ನಡ ಕ್ರಿಯಾಪದದ ಹೊಟ್ಟೆಯಲ್ಲೇ ಈ ಲೆಕ್ಕ ಇಟ್ಟಿದೆ. ಆದರೂ ಕನ್ನಡ ಮಾಧ್ಯಮದಲ್ಲಿ ‘ಗೆಟ್’ ಕಲಿಸುವವರು ‘ಮಾಡಿಸಿಕೊ’ ಎಂದು ಹೇಳಿಕೊಡುವುದು ಅಪರೂಪ.

ಬಸ್ಸು ಕಾರುಗಳದ್ದು ಸಣ್ಣ ಗೊಂದಲ. ವಿಯೆಟ್ನಾಮಿಯಲ್ಲಿ ಯಾವ ಗಾಡಿಯಾದರೂ ‘ಹತ್ತು’, ‘ಇಳಿ’, ಕನ್ನಡದಲ್ಲೂ ಹಾಗೇ. ಇಂಗ್ಲಿಷಿನಲ್ಲಿ ಬಸ್ಸಿಗೆ ‘ಗೆಟ್ ಆನ್’, ಕಾರಿಗೆ ‘ಗೆಟ್ ಇನ್’. ಒಳಗೆ ನಿಂತು ನಡೆಯಬಹುದಾದರೆ ‘ಆನ್’, ಬಗ್ಗಿ ಕೂರಬೇಕಾದರೆ ‘ಇನ್’, ಬೈಕಿನಂತೆ ಕಾಲು ಹಾಕಿ ಕೂರುವುದಾದರೆ ಮತ್ತೆ ‘ಆನ್’. ಮದುವೆಗೂ ಒಂದು ಅಡ್ಡಿ. ಅವರ ಭಾಷೆಯಲ್ಲಿ ಮದುವೆ ಇಂಥವರ ‘ಜೊತೆ’ ಆಗುತ್ತದೆ, ನಮ್ಮಲ್ಲಿಯೂ. ಹಾಗಾಗಿ ‘ಮ್ಯಾರೀಡ್ ವಿತ್’ ಎಂಬ ತಪ್ಪು ಹನೋಯ್‌ಗೂ ಹುಬ್ಬಳ್ಳಿಗೂ ಸಮಾನ ಆಸ್ತಿ. ‘ಗಾಟ್ ಮ್ಯಾರೀಡ್ ಟು’ ಎಂದು ಗಿಣಿಪಾಠ ಮಾಡುವುದೇ ಲೇಸು.

ಕಾಫಿ ಅಂಗಡಿಯ ತೊಡಕು ವ್ಯಾಕರಣದ್ದಲ್ಲ, ಮರ್ಯಾದೆಯದ್ದು. ಸೈಗಾನ್‌ನ ಅಂಗಡಿಯಲ್ಲಿ ಬಡಿಸುವ ಹುಡುಗಿಯನ್ನು ‘ತಂಗಿ’ ಎಂದು ಕರೆದು, ತನ್ನನ್ನು ‘ಅಣ್ಣ’ ಎಂದೋ ‘ಅಕ್ಕ’ ಎಂದೋ ಹೇಳಿಕೊಂಡು ‘ಅಣ್ಣನಿಗೆ ಒಂದು ಕಾಫಿ ಕೊಡು’ ಎನ್ನುತ್ತಾರೆ. ಸಂಬಂಧವಾಚಕ ಇರುವುದರಿಂದ ‘ಕೊಡು’ ಒರಟಾಗುವುದಿಲ್ಲ. ನಮ್ಮ ದರ್ಶಿನಿಯಲ್ಲಿ ‘ಒಂದು ಕಾಫಿ ಕೊಡಿ’ ಎಂದಾಗ ಕೊನೆಯ ಆ ‘ಇ’ಕಾರ ಮರ್ಯಾದೆ ಕಾಯುತ್ತದೆ. ಇಂಗ್ಲಿಷಿನಲ್ಲಿ ಅಣ್ಣ ತಂಗಿಯೂ ಇಲ್ಲ, ‘ಇ’ಕಾರವೂ ಇಲ್ಲ, ‘ಗಿವ್ ಮಿ ಎ ಕಾಫಿ’ ಎಂದರೆ ಗದರಿಸಿದಂತೆ. ಅಲ್ಲಿ ‘ಕ್ಯಾನ್ ಐ ಗೆಟ್ ಎ ಕಾಫಿ’ ಎಂದು ಕೊಡುವವರನ್ನು ಬಿಟ್ಟು ಪಡೆಯುವವನನ್ನೇ ಮುಂದಿಡುತ್ತಾರೆ. ಇದು ಅಮೆರಿಕದ ಆಮದು ಎಂದು ಇಂಗ್ಲೆಂಡಿನ ಕೆಲವು ಹಿರಿಯರು ಮೂಗು ಮುರಿಯುವುದುಂಟು. ಕಾಫಿ ಅಂತೂ ಬರುತ್ತದೆ.

ಬಾಯಿಗೆ ಬಂದ ಮೇಲೂ ‘ಗೆಟ್’ ಪೂರ್ತಿ ಹೊರಬೀಳುವುದಿಲ್ಲ. ವಿಯೆಟ್ನಾಮಿಯಲ್ಲಿ ಪದದ ಕೊನೆಯ ತಕಾರವನ್ನು ನಾಲಿಗೆ ಮುಟ್ಟಿ ಅಲ್ಲೇ ನಿಲ್ಲಿಸುತ್ತಾರೆ, ಸಿಡಿಸುವುದಿಲ್ಲ. ಕೊನೆಯಲ್ಲಿ ಎರಡು ವ್ಯಂಜನ ಕೂಡುವುದಂತೂ ಅಲ್ಲಿ ಇಲ್ಲ. ಹೀಗಾಗಿ ‘ಗೆಟ್ಸ್’ನ ಸಕಾರ ನಾಪತ್ತೆ. ರೂಪ ಬದಲಿಸದ ಕ್ರಿಯಾಪದಗಳ ಅಭ್ಯಾಸವೂ ಸೇರಿದರೆ ‘ಎವ್ರಿ ಡೇ ಶಿ ಗೆಟ್’ ಎಂದಾಗುತ್ತದೆ. ಮೇಷ್ಟರು ಇದನ್ನು ವ್ಯಾಕರಣದ ತಪ್ಪೆಂದು ಕೆಂಪು ಶಾಯಿ ಹಾಕುತ್ತಾರೆ, ಅರ್ಧ ತಪ್ಪು ನಾಲಿಗೆಯದು.

ಇಷ್ಟೆಲ್ಲ ಕಲಿತವನಿಗೆ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ತರಬೇತಿಯಲ್ಲಿ ಮತ್ತೊಂದು ಪಾಠ ಕಾದಿರುತ್ತದೆ: ಪ್ರಬಂಧದಲ್ಲಿ ‘ಗೆಟ್’ ಬರೆಯಬೇಡ, ಅದು ಹಗುರ, ‘ರಿಸೀವ್’, ‘ಒಬ್ಟೇನ್’, ‘ಬಿಕಮ್’ ಬಳಸು. ಇಂಗ್ಲಿಷ್ ಮೇಷ್ಟರುಗಳಿಗೆ ಈ ಪದದ ಮೇಲಿನ ತಾತ್ಸಾರ ಹಳೆಯದು. ಬರವಣಿಗೆಯ ಪತ್ರಿಕೆಯ ಮಟ್ಟಿಗೆ ಸಲಹೆ ಸರಿಯೇ. ಆದರೆ ಅಂಕಕ್ಕೆಂದು ಕಲಿತದ್ದು ಮಾತಿಗೂ ಇಳಿಯುತ್ತದೆ. ಸೈಗಾನ್‌ನ ಮಧ್ಯಾಹ್ನದ ಮಳೆಯಲ್ಲಿ ಅಂಗಿ ಪೂರ್ತಿ ತೊಯ್ದು ಬಂದು ಬಾಗಿಲಲ್ಲಿ ನಿಂತ ಹುಡುಗ ‘ಐ ಬಿಕೇಮ್ ವೆಟ್’ ಎಂದರೆ ಅದರಲ್ಲಿ ವ್ಯಾಕರಣದ ತಪ್ಪು ಹುಡುಕಲಾಗದು. ಟವೆಲ್ ತರಲು ಎದ್ದವರು ಮಾತ್ರ ಇದು ಯಾವ ಪುಸ್ತಕದ ಸಾಲು ಎಂದು ಒಮ್ಮೆ ತಿರುಗಿ ನೋಡುತ್ತಾರೆ.